ಅಳೆಯಬೇಕಾದ್ದು ಕೆಲಸವನ್ನು, ಕೆಲಸಗಾರನನ್ನಲ್ಲ

(ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)

 

ನಾನು ಪಂಡಿತನಲ್ಲ. ಸರ್ಕಾರದ ನೀರಾವರಿ ಇಲಾಖೆಯಲ್ಲಿ ಮೂವತ್ತಾರು ವರ್ಷ ಎಂಜಿನಿಯರ್ ಆಗಿ ದುಡಿದು 2019ರಲ್ಲಿ ನಿವೃತ್ತನಾದವನು. ಈ ಗೋಷ್ಠಿಯಲ್ಲಿ ಸಾಮಾನ್ಯವಾಗಿ ಶರಣರ ತತ್ವದ ಮೇಲೆ ಬಲ್ಲವರು ಮಾತಾಡುತ್ತಾರೆ. ನನಗೆ ಮಾತ್ರ ಇವತ್ತು ಒಂದು ಸಾಲದ ಬಾಬತ್ತು ತೀರಿಸುವುದಿದೆ, ಅದಕ್ಕಾಗಿ ಎದ್ದು ನಿಂತಿದ್ದೇನೆ.

ಎರಡು ತಿಂಗಳ ಹಿಂದೆ ನಮ್ಮದೇ ಒಂದು ವಿದ್ಯಾಸಂಸ್ಥೆಯ ಆಡಳಿತ ಮಂಡಳಿಯ ಸಭೆಗೆ ನನ್ನನ್ನು ಕರೆದಿದ್ದರು. ಶಾಲೆಗೆ 14 ಕ್ಯಾಮೆರಾ ಹಾಕಿಸಬೇಕು, ನೀವು ಎಂಜಿನಿಯರು, ಒಂದು ಎಸ್ಟಿಮೇಟ್ ಮಾಡಿಕೊಡಿ ಎಂದರು. ಪಟ್ಟಿ ನೋಡಿದೆ. ಗೇಟಿಗೆ ಒಂದು, ಶುಲ್ಕ ಕಟ್ಟುವ ಕೌಂಟರಿಗೆ ಒಂದು, ಪ್ರಯೋಗಾಲಯಕ್ಕೆ ಒಂದು, ಹೀಗೆ ಇತ್ತು. ಕೊನೆಯಲ್ಲಿ ಮೂರು ಜಾಗ: ಶಿಕ್ಷಕರ ಕೊಠಡಿ, ಶಿಕ್ಷಕಿಯರ ವಿಶ್ರಾಂತಿ ಕೊಠಡಿ, ಅಡುಗೆಯವರು ಊಟಕ್ಕೆ ಕೂರುವ ಹಿಂದಿನ ಪಡಸಾಲೆ. ಈ ಮೂರು ಏಕೆ ಎಂದು ಕೇಳಿದೆ. ಒಬ್ಬ ಹಿರಿಯರು ನಗುತ್ತ, "ತಪ್ಪು ಮಾಡದವರಿಗೆ ಭಯ ಯಾಕ್ರೀ?" ಎಂದರು. ನನಗೆ ಆಗ ತಕ್ಷಣ ಉತ್ತರ ಹೊಳೆಯಲಿಲ್ಲ. ಸ್ವಲ್ಪ ಸಮಯ ಕೊಡಿ ಎಂದು ಎದ್ದು ಬಂದೆ. ಇವತ್ತಿನ ನನ್ನ ಮಾತು ಆ ಪ್ರಶ್ನೆಗೆ ಉತ್ತರ. ಆ ಹಿರಿಯರೂ ಇಲ್ಲಿಯೇ ಕೂತಿದ್ದಾರೆ, ಅವರ ಮೇಲೆ ನನಗೆ ಗೌರವವಿದೆ.

ಮೊದಲು ನನ್ನ ಕಸುಬಿನ ಮಾತು. ಎಂಜಿನಿಯರಿಗೆ ಇಲಾಖೆ ಕೊಡುವ ಮೊದಲ ಆಯುಧ ಅಳತೆ ಪುಸ್ತಕ, ನಾವು ಎಂ.ಬಿ. ಅನ್ನುತ್ತೇವೆ. ಕಾಲುವೆಯ ಹೂಳು ತೆಗೆದರೆ ಎಷ್ಟು ಉದ್ದ, ಎಷ್ಟು ಅಗಲ, ಎಷ್ಟು ಆಳ ಎಂದು ಟೇಪು ಹಿಡಿದು ಅಳೆದು ಅದರಲ್ಲಿ ಬರೆಯಬೇಕು. ಪುಟಗಳಿಗೆ ನಂಬರು ಇರುತ್ತದೆ, ಹರಿಯುವಂತಿಲ್ಲ. ಬರೆದದ್ದನ್ನು ಅಳಿಸುವಂತಿಲ್ಲ, ತಪ್ಪಾದರೆ ಗೆರೆ ಎಳೆದು ಸಹಿ ಹಾಕಬೇಕು. ಮೇಲಿನ ಅಧಿಕಾರಿ ಬಂದು ಮತ್ತೆ ಅಳೆದು ಚೆಕ್ ಮೆಜರ್‌ಮೆಂಟ್ ಮಾಡುತ್ತಾನೆ. ಅನುಮಾನದ ವ್ಯವಸ್ಥೆಯೇ ಇದು, ಇಲ್ಲವೆನ್ನುವುದಿಲ್ಲ. ಆದರೆ ಆ ಪುಸ್ತಕದಲ್ಲಿ ಕೆಲಸಗಾರ ಎಷ್ಟು ಸಲ ಬೀಡಿ ಸೇದಿದ, ಯಾರ ಜೊತೆ ಮಾತಾಡಿದ, ಎಷ್ಟು ಹೊತ್ತು ಮರದ ಕೆಳಗೆ ಕೂತ ಎಂದು ಬರೆಯಲು ಒಂದು ಕಾಲಮ್ಮೂ ಇಲ್ಲ. ಅಳೆಯುವುದು ಕೆಲಸವನ್ನು. ಬಹಳ ವರ್ಷ ನನಗೆ ಇದರ ಮಹತ್ವ ತಿಳಿದಿರಲಿಲ್ಲ.

ಕಳ್ಳ ಹಾಜರಿ ಇರಲಿಲ್ಲವೇ? ಇತ್ತು. ಮಸ್ಟರ್ ರೋಲಿನಲ್ಲಿ ಸತ್ತವರ ಹೆಸರಿಗೆ ಕೂಲಿ ಎತ್ತಿದ್ದನ್ನು ನಾನೇ ಹಿಡಿದಿದ್ದೇನೆ. ಆದ್ದರಿಂದ ಬೆರಳಚ್ಚಿನ ಯಂತ್ರ ಬಂದಾಗ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವನು ನಾನು. ಆಗ ನಾನು ಎಕ್ಸಿಕ್ಯೂಟಿವ್ ಎಂಜಿನಿಯರ್ ಆಗಿದ್ದೆ. ಉಪವಿಭಾಗದ ಕಚೇರಿಯಲ್ಲಿ ಯಂತ್ರ ಕೂರಿಸಿದೆವು. ಕಾಲುವೆಯ ಮೇಲೆ ಕೆಲಸ ಮಾಡುವ ದಿನಗೂಲಿ ಜನ ಬೆಳಿಗ್ಗೆ ಕಚೇರಿಗೆ ಬಂದು ಬೆರಳು ಒತ್ತಬೇಕು, ಸಂಜೆ ಮತ್ತೆ ಬರಬೇಕು. ಕಾಲುವೆ ಅಲ್ಲಿಂದ 9 ಕಿಲೋಮೀಟರ್. ಹಾಜರಿ ಪಕ್ಕಾ ಆಯಿತು, ಕೆಲಸದ ಸಮಯ ದಿನಕ್ಕೆ ಎರಡು ತಾಸು ಕಡಿಮೆಯಾಯಿತು. ಆ ಲೆಕ್ಕ ಯಾವ ವರದಿಯಲ್ಲೂ ಬರಲಿಲ್ಲ.

ಅವರಲ್ಲಿ ಒಬ್ಬರು ಹಿರಿಯರಿದ್ದರು. ಇವತ್ತು ಅವರು ಎನ್ನುತ್ತೇನೆ, ಆಗ ನೀನು ಎನ್ನುತ್ತಿದ್ದೆ. ಮೂವತ್ತು ವರ್ಷ ಸಲಿಕೆ ಹಿಡಿದು, ತೂಬಿನ ಗೇಟು ತಿರುವಿ, ಸುಣ್ಣ ಸಿಮೆಂಟಿನಲ್ಲಿ ಕೈ ಅದ್ದಿ ಅವರ ಬೆರಳಿನ ಗೆರೆಗಳೇ ಸವೆದುಹೋಗಿದ್ದವು. ಯಂತ್ರ ಅವರ ಬೆರಳನ್ನು ಒಪ್ಪಲಿಲ್ಲ. ಒಂದು ದಿನ ಒಪ್ಪಿದರೆ ಎರಡು ದಿನ ಇಲ್ಲ. ಒಂದು ತಿಂಗಳು 11 ದಿನ ಗೈರುಹಾಜರಿ ಬಂತು. ಪಟ್ಟಿ ನನ್ನ ಮೇಜಿಗೆ ಬಂತು, ಸಹಿ ಮಾಡಿದೆ. 11 ದಿನದ ಕೂಲಿ ಹೋಯಿತು. ಅವರು ನನ್ನ ಕೋಣೆಯ ಬಾಗಿಲಲ್ಲಿ ನಿಂತು ಎರಡೂ ಅಂಗೈ ತೋರಿಸಿ ಹೇಳಿದ ಮಾತು ನನಗೆ ಇನ್ನೂ ಕೇಳಿಸುತ್ತದೆ: "ಸಾಹೇಬ್ರ, ಕಾಲುವಿಗೆ ನನ್ನ ಕೈ ಗುರುತೈತ್ರಿ. ಈ ಡಬ್ಬಿಗೆ ಮಾತ್ರ ಗುರುತಿಲ್ರಿ."

ಆ ತಿಂಗಳು ಅವರ ಪಾಲಿನ ಕಾಲುವೆ ಸ್ವಚ್ಛವಾಗಿತ್ತು. ಹೋಗಿ ನೋಡಿದ್ದರೆ ಅರ್ಧ ತಾಸಿನಲ್ಲಿ ತಿಳಿಯುತ್ತಿತ್ತು. ನಾನು ಹೋಗಲಿಲ್ಲ, ಯಂತ್ರ ಹೇಳಿದ್ದನ್ನು ನಂಬಿದೆ. ಆಮೇಲೆ ಪತ್ರ ಬರೆದು ಬಾಕಿ ಕೊಡಿಸುವಷ್ಟರಲ್ಲಿ ನಾಲ್ಕು ತಿಂಗಳು ಕಳೆದಿತ್ತು. ಅಷ್ಟರಲ್ಲಿ ಅವರು ಬಡ್ಡಿಗೆ ಸಾಲ ತಂದಿದ್ದರು. ಕಾಯಕದಿಂದ ಸವೆದ ಕೈಯನ್ನು ಕಾಯಕದ ಸಾಕ್ಷಿ ಎಂದು ಓದಬೇಕಾದವನು ನಾನು. ಅದನ್ನು ಗೈರುಹಾಜರಿ ಎಂದು ಓದಿದೆ. ನಾನು ಸಾಲ ಎಂದದ್ದು ಇದನ್ನೇ.

ಇದು ಒಬ್ಬರ ಕಥೆಯಲ್ಲ. ಉದ್ಯೋಗ ಖಾತ್ರಿ ಕೂಲಿಕಾರರಿಗೆ 2023ರ ಜನವರಿ 1ರಿಂದ ಮೊಬೈಲ್ ಆ್ಯಪ್‌ನಲ್ಲಿ ಹಾಜರಿ ಕಡ್ಡಾಯವಾಯಿತು. ಕೆಲಸದ ಜಾಗದಲ್ಲಿ ದಿನಕ್ಕೆ ಎರಡು ಸಲ ಫೋಟೋ ತೆಗೆದು ಹಾಕಬೇಕಿತ್ತು, ಆ ಜಾಗದ ಗುರುತೂ ಅದರಲ್ಲಿ ಬರಬೇಕಿತ್ತು. ಬಂಡಿನ ಮೇಲೆ ಸಿಗ್ನಲ್ ಸಿಗದಿದ್ದರೆ ಮಾಡಿದ ಕೆಲಸಕ್ಕೂ ಕೂಲಿಯ ಚಿಂತೆ. ಅಷ್ಟು ಮಾಡಿಯೂ ಕಳ್ಳ ಹಾಜರಿ ನಿಂತಿತೇ? 2025ರ ಜುಲೈನಲ್ಲಿ ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ರಾಜ್ಯಗಳಿಗೆ ಪತ್ರ ಬರೆದು, ಕೆಲಸಕ್ಕೆ ಸಂಬಂಧವಿಲ್ಲದ ಫೋಟೋ ಹಾಕುತ್ತಿದ್ದಾರೆ, ಹಳೆಯ ಫೋಟೋವನ್ನೇ ಮತ್ತೆ ಫೋಟೋ ತೆಗೆದು ಹಾಕುತ್ತಿದ್ದಾರೆ ಎಂದು ಎಚ್ಚರಿಸಬೇಕಾಯಿತು. ಕಳ್ಳನಿಗೆ ಯಂತ್ರವನ್ನು ವಂಚಿಸುವ ದಾರಿ ಗೊತ್ತು. ಪ್ರಾಮಾಣಿಕನಿಗೆ ಮಾತ್ರ ಯಂತ್ರದ ಮುಂದೆ ವಾದಿಸಲು ಬಾಯಿಲ್ಲ.

ಈ ರೋಗದ ಮೂಲ ಹುಡುಕಿದರೆ ನಮ್ಮ ಎಂಜಿನಿಯರುಗಳ ಮನೆಯೇ ಸಿಗುತ್ತದೆ. 1786-87ರಲ್ಲಿ ಸ್ಯಾಮ್ಯುಯೆಲ್ ಬೆಂಥಮ್ ಎಂಬ ಇಂಗ್ಲಿಷ್ ಎಂಜಿನಿಯರ್ ಇವತ್ತಿನ ಬೆಲಾರುಸ್‌ನಲ್ಲಿರುವ ಕ್ರಿಚೇವ್ ಎಂಬಲ್ಲಿ, ರಷ್ಯಾದ ರಾಜಕುಮಾರ ಪೊಟೆಮ್ಕಿನ್‌ನ ಜಹಗೀರಿನಲ್ಲಿ ಕೆಲಸಕ್ಕಿದ್ದ. ಕೆಲಸಗಾರರ ಮೇಲೆ ಕಣ್ಣಿಡಲು ಅವನು ಒಂದು ದುಂಡನೆಯ ಕಟ್ಟಡ ಯೋಚಿಸಿದ. ನಡುವೆ ಕೂತ ಮೇಲ್ವಿಚಾರಕನಿಗೆ ಎಲ್ಲರೂ ಕಾಣಬೇಕು, ಅವನು ಮಾತ್ರ ಯಾರಿಗೂ ಕಾಣಬಾರದು. ಅವನ ಅಣ್ಣ, ತತ್ವಜ್ಞಾನಿ ಜೆರೆಮಿ ಬೆಂಥಮ್, ಅಲ್ಲಿಗೆ ಹೋಗಿ ಅದನ್ನು ನೋಡಿ ಸೆರೆಮನೆಯ ನಕ್ಷೆಯಾಗಿ ಬೆಳೆಸಿ 1791ರಲ್ಲಿ ಪುಸ್ತಕ ಮಾಡಿದ. ಪನಾಪ್ಟಿಕಾನ್ ಎಂದು ಪ್ರಸಿದ್ಧವಾದ ಸೆರೆಮನೆ ಅದೇ. ಗಮನಿಸಿ, ಸೆರೆಮನೆಯ ಆ ಯೋಚನೆ ಹುಟ್ಟಿದ್ದು ಕೆಲಸದ ಜಾಗದಲ್ಲಿ, ದುಡಿಯುವವರಿಗಾಗಿ. ಯಾವಾಗ ನೋಡುತ್ತಿದ್ದಾರೆ ಎಂದು ಗೊತ್ತಾಗದಿದ್ದರೆ ಮನುಷ್ಯ ಯಾವಾಗಲೂ ಹೆದರಿಯೇ ಇರುತ್ತಾನೆ ಎಂಬುದು ಅದರ ಒಳಗುಟ್ಟು.

ಆಮೇಲೆ ಅಮೆರಿಕದಲ್ಲಿ ಟೇಲರ್ ಎಂಬ ಮೆಕ್ಯಾನಿಕಲ್ ಎಂಜಿನಿಯರ್ ಬಂದ. ಅವನ ಪದ್ಧತಿಯಲ್ಲಿ ಕೆಲಸಗಾರನ ಬೆನ್ನ ಹಿಂದೆ ಸ್ಟಾಪ್‌ವಾಚ್ ಹಿಡಿದು ಒಂದೊಂದು ಚಲನೆಗೂ ಎಷ್ಟು ಸೆಕೆಂಡು ಎಂದು ಅಳೆಯುತ್ತಿದ್ದರು. 1911ರ ಆಗಸ್ಟ್‌ನಲ್ಲಿ ಬಾಸ್ಟನ್ ಬಳಿಯ ವಾಟರ್‌ಟೌನ್ ಸರ್ಕಾರಿ ಶಸ್ತ್ರಾಗಾರದಲ್ಲಿ ಎರಕದ ಕೆಲಸಗಾರರು ಇದನ್ನು ಸಹಿಸದೆ ಕೆಲಸ ಬಿಟ್ಟು ಹೊರಗೆ ನಡೆದರು. ಅಮೆರಿಕದ ಸಂಸತ್ತು ವಿಚಾರಣೆ ನಡೆಸಿತು. 1915ರಲ್ಲಿ ಸರ್ಕಾರಿ ಶಸ್ತ್ರಾಗಾರಗಳಲ್ಲಿ ಸ್ಟಾಪ್‌ವಾಚ್ ಬಳಕೆಗೆ ಹಣ ಕೊಡುವುದನ್ನೇ ನಿಲ್ಲಿಸಿತು.

ಇವತ್ತು ಆ ಸ್ಟಾಪ್‌ವಾಚ್ ಲ್ಯಾಪ್‌ಟಾಪ್‌ನೊಳಗೆ ಹೊಕ್ಕಿದೆ. ನನ್ನ ಮಗಳು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾಳೆ. ನನ್ನ ತಾಯಿ ಹಾಸಿಗೆ ಹಿಡಿದಾಗ ಮನೆಯಿಂದಲೇ ಕೆಲಸ ಮಾಡುತ್ತೇನೆಂದು ಊರಿಗೆ ಬಂದಳು. ಅಜ್ಜಿಯ ಪಕ್ಕ ಕೂತವಳು ಐದು ನಿಮಿಷಕ್ಕೊಮ್ಮೆ ಎದ್ದು ಹೋಗಿ ಮೌಸ್ ಅಲುಗಿಸಿ ಬರುತ್ತಿದ್ದಳು. ಏನವ್ವಾ ಇದು ಎಂದು ಕೇಳಿದೆ. "ಅಪ್ಪಾ, ಇವತ್ತಿನ ಕೆಲಸ ಮುಂಜಾನೇನ ಮುಗಿಸೇನಿ. ಆದ್ರ ಈ ಚುಕ್ಕಿ ಹಳದಿ ಆದ್ರ ನಾನು ಕುಂತಿಲ್ಲಂತ ಲೆಕ್ಕ" ಎಂದಳು. ಎಷ್ಟು ಸಲ ಕೀಲಿ ಒತ್ತಿದಳು, ಪರದೆಯ ಮೇಲೆ ಏನಿತ್ತು, ಎಲ್ಲವನ್ನೂ ಆಗಾಗ ಚಿತ್ರ ತೆಗೆದು ಕಳಿಸುವ ತಂತ್ರಾಂಶ ಅದರಲ್ಲಿತ್ತು. ನಾಲ್ಕನೆಯ ದಿನ ಒಂದು ಪಾರ್ಸೆಲ್ ಬಂತು. ಮೌಸನ್ನು ತಾನಾಗಿಯೇ ಅಲುಗಾಡಿಸುವ ಸಣ್ಣ ಯಂತ್ರ, ಅಂಗಡಿಯಲ್ಲಿ ಸಿಗುತ್ತದಂತೆ. ಕೆಲಸ ಮುಗಿಸಿದ ಹುಡುಗಿ ಅಜ್ಜಿಗೆ ಗಂಜಿ ಕುಡಿಸಲು ಒಂದು ಸುಳ್ಳಿನ ಯಂತ್ರ ಕೊಳ್ಳಬೇಕಾಯಿತು. "ಕಳ್ಳಿ ಆಗೇನಿ ಅನ್ನಿಸ್ತದ ಅಪ್ಪಾ" ಎಂದಳು. ಪ್ರಾಮಾಣಿಕರಿಗೆ ಸುಳ್ಳು ಕಲಿಸುವ ಕಾವಲು ಯಾವ ಕಾವಲು?

ಕಾನೂನು ಏನನ್ನುತ್ತದೆ ನೋಡೋಣ. ಇಲ್ಲಿ ನಾವು ಕನ್ನಡಿಗರು ಹೆಮ್ಮೆಪಡಬೇಕಾದ ಒಂದು ಹೆಸರಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಆ ಮೊಕದ್ದಮೆಯಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಒಬ್ಬರ ಭಿನ್ನಮತವೂ ಇಲ್ಲದೆ, ಖಾಸಗಿತನ ಮೂಲಭೂತ ಹಕ್ಕು ಎಂದು ತೀರ್ಪು ಕೊಟ್ಟಿತು. ಸರ್ಕಾರ ಆ ಹಕ್ಕಿನೊಳಗೆ ಕೈ ಹಾಕಬೇಕಾದರೆ ಅದಕ್ಕೊಂದು ಕಾನೂನು ಇರಬೇಕು, ನ್ಯಾಯವಾದ ಉದ್ದೇಶ ಇರಬೇಕು, ಉದ್ದೇಶಕ್ಕೆ ತಕ್ಕಷ್ಟೇ ಕ್ರಮ ಇರಬೇಕು.

ಅದಾಗಿ ಸರಿಯಾಗಿ 12 ದಿನಕ್ಕೆ, ಸೆಪ್ಟೆಂಬರ್ 5ರಂದು, ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಕೆಲಸದ ಜಾಗದ ಬಗ್ಗೆಯೇ ಒಂದು ತೀರ್ಪು ಕೊಟ್ಟಿತು. ರೊಮೇನಿಯಾದ ಕಂಪನಿಯೊಂದರಲ್ಲಿ ಮಾರಾಟ ವಿಭಾಗ ನೋಡಿಕೊಳ್ಳುತ್ತಿದ್ದ ಎಂಜಿನಿಯರ್ ಒಬ್ಬರು. ಗ್ರಾಹಕರಿಗೆ ಉತ್ತರಿಸಲೆಂದು ಕಂಪನಿ ಅವರಿಂದ ಯಾಹೂ ಮೆಸೆಂಜರ್ ಖಾತೆ ತೆರೆಸಿತ್ತು. 2007ರ ಜುಲೈನಲ್ಲಿ ಅದರ ಮೇಲೆ ಕಣ್ಣಿಟ್ಟು, ಅವರು ತಮ್ಮ ಸಹೋದರನ ಜೊತೆ, ಮದುವೆಯಾಗಲಿದ್ದ ಹುಡುಗಿಯ ಜೊತೆ ಆಡಿದ ಮಾತುಗಳೂ ಸೇರಿ 45 ಪುಟ ಮುದ್ರಿಸಿ ತೆಗೆದು, ಕೆಲಸದಿಂದ ತೆಗೆದುಹಾಕಿತು. ಕಚೇರಿಯ ಯಂತ್ರಗಳನ್ನು ಸ್ವಂತಕ್ಕೆ ಬಳಸಬಾರದು ಎಂಬ ನಿಯಮ ಅಲ್ಲಿತ್ತು, ಅದು ಅವರಿಗೆ ಗೊತ್ತಿತ್ತು. ಆದರೂ 17 ನ್ಯಾಯಾಧೀಶರಲ್ಲಿ 11 ಮಂದಿ ಅವರ ಪರ ನಿಂತರು. ಬರ್ಬುಲೆಸ್ಕು ಪ್ರಕರಣ ಎಂದು ಅದು ಹೆಸರಾಗಿದೆ. ಒಡೆಯ ನಿಯಮ ಮಾಡಬಹುದು, ಆದರೆ ಕೆಲಸದ ಜಾಗದಲ್ಲಿ ಮನುಷ್ಯನ ಖಾಸಗಿ ಬದುಕನ್ನು ಸೊನ್ನೆ ಮಾಡಲು ಬರುವುದಿಲ್ಲ ಎಂಬುದು ಅದರ ತಿರುಳು. ನ್ಯಾಯಾಲಯ ಕೆಲವು ಪ್ರಶ್ನೆಗಳನ್ನೂ ಹಾಕಿಕೊಟ್ಟಿತು: ಮೊದಲೇ ತಿಳಿಸಿದ್ದಿರಾ? ಎಷ್ಟು ಆಳಕ್ಕೆ ಇಳಿದಿರಿ? ತಕ್ಕ ಕಾರಣವಿತ್ತೇ? ಇದಕ್ಕಿಂತ ಮೃದುವಾದ ದಾರಿ ಇರಲಿಲ್ಲವೇ? ಸಿಕ್ಕ ಮಾಹಿತಿಯನ್ನು ಏನು ಮಾಡಿದಿರಿ?

ನಮ್ಮ ದೇಶದಲ್ಲಿ ಖಾಸಗಿ ನೌಕರನಿಗೆ ಇಷ್ಟು ಬಲ ಇನ್ನೂ ಬಂದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 7ನೇ ಕಲಂ, ಉದ್ಯೋಗದ ಉದ್ದೇಶಕ್ಕೆ ಹಾಗೂ ಒಡೆಯನನ್ನು ನಷ್ಟದಿಂದ ಕಾಪಾಡುವುದಕ್ಕೆ ನೌಕರನ ಮಾಹಿತಿಯನ್ನು ಅವನ ಒಪ್ಪಿಗೆ ಇಲ್ಲದೆಯೂ ಬಳಸಬಹುದು ಎನ್ನುತ್ತದೆ. ಬಾಗಿಲು ದೊಡ್ಡದಾಗಿಯೇ ತೆರೆದಿದೆ. ಅದರರ್ಥ, ಕಾನೂನು ಬಿಟ್ಟುಕೊಟ್ಟ ಜಾಗದಲ್ಲಿ ನಾವು ಹೇಗೆ ನಡೆಯುತ್ತೇವೆ ಎಂಬುದು ನಮ್ಮ ಧರ್ಮಬುದ್ಧಿಗೆ ಬಿಟ್ಟದ್ದು. ಕಾನೂನು ಒಪ್ಪುತ್ತದೆ ಎಂಬಲ್ಲಿಗೆ ನಿಲ್ಲುವುದಾದರೆ ಕಾಯಕದ ಮಾತು ನಮಗೇಕೆ?

ಲೆಕ್ಕವೇ ಕೇಳಬಾರದು ಎಂದು ನಾನು ಹೇಳುತ್ತಿಲ್ಲ. ಬಸವಣ್ಣನವರು ಭಂಡಾರಿಯಾಗಿದ್ದರು. ಭಂಡಾರದ ಹಣ ಶರಣರಿಗೆ ಹೋಗುತ್ತಿದೆ ಎಂದು ಚಾಡಿಕೋರರು ಬಿಜ್ಜಳನ ಕಿವಿ ತುಂಬಿದರು, ಬಿಜ್ಜಳ ಲೆಕ್ಕ ಕೇಳಿದ ಎಂದು ನಮ್ಮ ಪರಂಪರೆ ಹೇಳುತ್ತದೆ. ಬಸವಣ್ಣನವರು ಕೋಪಿಸಿಕೊಳ್ಳಲಿಲ್ಲ. ಎಲ್ಲರೆದುರು ಲೆಕ್ಕ ಒಪ್ಪಿಸಿದರು, ಒಂದು ಕಾಸೂ ಕಡಿಮೆ ಇರಲಿಲ್ಲ. ಲೆಕ್ಕ ಕೇಳುವುದು ರಾಜನ ಹಕ್ಕು, ಒಪ್ಪಿಸುವುದು ಭಂಡಾರಿಯ ಧರ್ಮ. ಅದು ಬೆಳಕಿನಲ್ಲಿ ನಡೆಯುವ ವ್ಯವಹಾರ. ಚಾಡಿ ಮಾತ್ರ ಕತ್ತಲೆಯ ವ್ಯವಹಾರ. ನಮ್ಮ ಪರಂಪರೆ ಲೆಕ್ಕ ಕೇಳಿದ್ದನ್ನು ನಿಂದಿಸಲಿಲ್ಲ, ಚಾಡಿ ಹೇಳಿದ್ದನ್ನು ನಿಂದಿಸಿತು.

ಇನ್ನು ಆಯ್ದಕ್ಕಿ ಮಾರಯ್ಯನವರ ಕಥೆ ನಿಮಗೆ ನಾನು ಹೇಳಬೇಕಿಲ್ಲ. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಇದು ನಮಗೆ ಬೇಡ, ತಂದಲ್ಲಿಯೇ ಸುರಿದು ಬನ್ನಿ ಎಂದವರು ಲಕ್ಕಮ್ಮ. ಅಲ್ಲಿ ಯಾವ ಕಾವಲುಗಾರ ಇದ್ದ? ಇದ್ದದ್ದು ಒಳಗಿನ ಎಚ್ಚರ ಮತ್ತು ಒಬ್ಬರನ್ನೊಬ್ಬರು ನಂಬಿ ತಿದ್ದುವ ಸಲಿಗೆ. ಕಾವಲು ಹೆಚ್ಚಾದಲ್ಲಿ ಆ ಒಳಗಿನ ಎಚ್ಚರ ನಿದ್ದೆ ಹೋಗುತ್ತದೆ. ಕ್ಯಾಮೆರಾ ಇಲ್ಲದ ಮೂಲೆ ಎಲ್ಲಿದೆ ಎಂದು ಹುಡುಕುವುದನ್ನು ಮನುಷ್ಯ ಕಲಿಯುತ್ತಾನೆ.

ಈಗ ಆ ಹಿರಿಯರ ಪ್ರಶ್ನೆ. ತಪ್ಪು ಮಾಡದವರಿಗೆ ಭಯ ಯಾಕೆ? ಅಣ್ಣಾ, ನಾವೆಲ್ಲ ಇಷ್ಟಲಿಂಗವನ್ನು ಎದೆಯ ಮೇಲೆ, ಬಟ್ಟೆಯ ಒಳಗೆ ಧರಿಸುತ್ತೇವೆ. ಅಂಗೈಯಲ್ಲಿ ಇಟ್ಟುಕೊಂಡು ಕಣ್ಣು ನೆಟ್ಟು ಕೂತಾಗ ಪಕ್ಕದಲ್ಲಿ ಯಾರೋ ನಿಂತು ನಮ್ಮನ್ನು ದಿಟ್ಟಿಸಿ ನೋಡುತ್ತಿದ್ದರೆ ಮನಸ್ಸು ನಿಲ್ಲುವುದಿಲ್ಲ. ನಾವು ತಪ್ಪು ಮಾಡುತ್ತಿದ್ದೇವೆ ಎಂದೇ? ಅಲ್ಲ. ತಪ್ಪಿಗೂ ಮರೆಗೂ ಸಂಬಂಧವಿಲ್ಲ. ಮನುಷ್ಯನಿಗೆ ತನ್ನೊಡನೆ ತಾನಿರಲು ಒಂದಿಷ್ಟು ಜಾಗ ಬೇಕು. ಶಿಕ್ಷಕಿಯೊಬ್ಬರು ಮನೆಯ ದುಃಖ ಹೇಳಿಕೊಂಡು ಗೆಳತಿಯ ಹೆಗಲ ಮೇಲೆ ತಲೆ ಇಡುವ ಜಾಗ ಆ ವಿಶ್ರಾಂತಿ ಕೊಠಡಿ. ಅಡುಗೆಯ ತಾಯಂದಿರು ಸೆರಗು ಸಡಿಲಿಸಿ ಬೆವರು ಒರೆಸಿಕೊಂಡು ನಾಲ್ಕು ತುತ್ತು ಉಣ್ಣುವ ಜಾಗ ಆ ಪಡಸಾಲೆ.

ಹೆಣ್ಣುಮಕ್ಕಳ ಸುರಕ್ಷತೆಗೆ ಕ್ಯಾಮೆರಾ ಬೇಡವೇ ಎಂದು ನೀವು ಕೇಳಬಹುದು. ಬೇಕು. ಹೆಚ್ಚು ಜನ ಸೇರುವ ಕಡೆ ಕ್ಯಾಮೆರಾ ಇಟ್ಟು 30 ದಿನ ದೃಶ್ಯ ಕಾಪಾಡಬೇಕು ಎಂದು ನಮ್ಮ ರಾಜ್ಯದ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆಯೇ ಹೇಳುತ್ತದೆ. ಅದು ಗೇಟಿನ, ಓಡಾಡುವ ಜಾಗದ ಮಾತು. ಹೆಣ್ಣುಮಕ್ಕಳು ಬಟ್ಟೆ ಸರಿಪಡಿಸಿಕೊಳ್ಳುವ ಮರೆಯಲ್ಲಿ ಚಿತ್ರ ತೆಗೆಯುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಂ ಪ್ರಕಾರ ಅಪರಾಧವಾದೀತು. ಸುರಕ್ಷತೆಯ ಹೆಸರಿನಲ್ಲಿ ಅಪರಾಧದ ಹೊಸ್ತಿಲು ತುಳಿಯುವುದು ಬೇಡ.

ಆದ್ದರಿಂದ ಆಡಳಿತ ಮಂಡಳಿಯ ಮುಂದೆ, ಹಾಗೆಯೇ ಇಲ್ಲಿ ಕೂತ ನಮ್ಮ ಎಲ್ಲ ಸಂಸ್ಥೆಗಳ ಹಿರಿಯರ ಮುಂದೆ, ಐದು ಮಾತು ಇಡುತ್ತೇನೆ. ಒಂದು, ಕ್ಯಾಮೆರಾ ಎಲ್ಲಿದೆ, ಯಾಕಿದೆ ಎಂದು ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಿ; ಕದ್ದು ಇಡುವುದು ಬೇಡ. ಎರಡು, ವಿಶ್ರಾಂತಿ, ಊಟ, ಶೌಚದ ಜಾಗಗಳಿಗೆ ಬೇಡವೇ ಬೇಡ. ಮಾತು ಮುದ್ರಿಸುವ ವ್ಯವಸ್ಥೆ ಎಲ್ಲಿಯೂ ಬೇಡ. ಮೂರು, ದೃಶ್ಯವನ್ನು ಯಾರು ನೋಡಬಹುದು ಎಂದು ಇಬ್ಬರನ್ನು ಗೊತ್ತುಮಾಡಿ. ನೋಡಿದಾಗಲೆಲ್ಲ ಅಳತೆ ಪುಸ್ತಕದ ಹಾಗೆ ನಂಬರು ಹಾಕಿದ ವಹಿಯಲ್ಲಿ ಬರೆದು ಸಹಿ ಮಾಡಲಿ. ಆಡಳಿತ ಮಂಡಳಿಯವರ ಮೊಬೈಲಿಗೆ ದೃಶ್ಯ ಹರಿದುಬರುವುದು ಬೇಡ. ನಾಲ್ಕು, ಅವಧಿ ಮುಗಿದ ಮೇಲೆ ಅಳಿಸಿ. ಐದು, ಬೆರಳು ಒಪ್ಪದವರಿಗೆ ಸಹಿ ವಹಿ ಇರಲಿ. ಯಂತ್ರ ಇಲ್ಲವೆಂದರೂ ಮನುಷ್ಯನನ್ನು ಕೇಳದೆ ಕೂಲಿ ಕಡಿಯಬೇಡಿ. ಈ ಐದನೆಯದನ್ನು ನಾನು 11 ದಿನದ ಕೂಲಿ ಕೊಟ್ಟು ಕಲಿತಿದ್ದೇನೆ. ನನ್ನದಲ್ಲ, ಬೇರೆಯವರ ಕೂಲಿ.

ಮನೆಗಳಲ್ಲಿ ಕೆಲಸದ ತಂಗಿಯರ ಮೇಲೆ ಅಡುಗೆಮನೆಯ ಮೂಲೆಯಿಂದ ಕ್ಯಾಮೆರಾ ಇಟ್ಟವರು ನಮ್ಮಲ್ಲಿಯೂ ಇದ್ದಾರೆ. ಇಟ್ಟಿದ್ದರೆ ಅವರಿಗೆ ತಿಳಿಸಿ. ತಿಳಿಸಲು ನಾಚಿಕೆಯಾದರೆ ತೆಗೆದುಬಿಡಿ.

ಎಸ್ಟಿಮೇಟ್ ತಂದಿದ್ದೇನೆ. 11 ಕ್ಯಾಮೆರಾಗಳಿಗೆ ದರ ಹಾಕಿದ್ದೇನೆ. ಉಳಿದ ಮೂರನ್ನು ಅಳಿಸಿಲ್ಲ, ನಮ್ಮ ಪದ್ಧತಿಯಂತೆ ಗೆರೆ ಎಳೆದು ಪಕ್ಕದಲ್ಲಿ ಸಹಿ ಮಾಡಿದ್ದೇನೆ. ಅದರಲ್ಲಿ ಉಳಿಯುವ ಹಣದಿಂದ ಆ ಹಿಂದಿನ ಪಡಸಾಲೆಗೆ ಎರಡು ಫ್ಯಾನು, ಒಂದು ಬೆಂಚು ಬರುತ್ತದೆ, ಅದನ್ನೂ ಸೇರಿಸಿದ್ದೇನೆ. ಒಪ್ಪುವುದು ಬಿಡುವುದು ಮಂಡಳಿಗೆ ಬಿಟ್ಟದ್ದು. ಹಳೆಯ ಸಹಿಯೊಂದನ್ನು ಹಿಂದಕ್ಕೆ ಪಡೆಯಲು ನನಗೆ ಬರುವುದಿಲ್ಲ. ಈ ಸಹಿಯನ್ನಾದರೂ ಕಾಲುವೆಗೆ ಹೋಗಿ ನೋಡಿ ಬಂದವನ ಹಾಗೆ ಮಾಡಿದ್ದೇನೆ.